ಓಕ್ ಕಾಯಿಯೊಳಗಿನ ಸಂಸಾರ

ಅಮೆರಿಕದ ಈಶಾನ್ಯ ಭಾಗದ ಕಾಡುಗಳಲ್ಲಿ ಉದುರಿದ ಓಕ್ ಕಾಯಿಗಳೆಲ್ಲ ಮೊಳೆಯುವುದಿಲ್ಲ. ಎಷ್ಟೋ ಕಾಯಿಗಳ ತಿರುಳನ್ನು ಮೂತಿಹುಳುವಿನ ಮರಿ ಒಳಗಿದ್ದೇ ತಿಂದು, ಸಿಪ್ಪೆಗೆ ಸಣ್ಣ ತೂತು ಕೊರೆದು ಹೊರಟುಹೋಗುತ್ತದೆ. ಅದು ಬಿಟ್ಟುಹೋದ ಟೊಳ್ಳು ಟೆಮ್ನೊಥೊರಾಕ್ಸ್ ಕುಲದ ಇರುವೆಗಳಿಗೆ ಸಿದ್ಧ ಮನೆ. ಒಂದೊಂದು ಇರುವೆಯೂ 2-3 ಮಿಲಿಮೀಟರ್ ಉದ್ದ. ರಾಣಿ, ಹತ್ತಾರು ಕೆಲಸಗಾರ್ತಿಯರು, ಮೊಟ್ಟೆ, ಮರಿ ಎಲ್ಲ ಸೇರಿ ಇಡೀ ಸಂಸಾರ ದೊಡ್ಡ ಗೋಲಿಯಷ್ಟಿರುವ ಆ ಕಾಯಿಯೊಳಗೆ ಹಿಡಿಸುತ್ತದೆ.

ಬೇಸಿಗೆಯಲ್ಲಿ ರೆಕ್ಕೆಯುಳ್ಳ ಹೆಣ್ಣು ಗಂಡುಗಳು ಗೂಡು ಬಿಟ್ಟು ಹಾರುತ್ತವೆ. ಕೂಡಿದ ಮೇಲೆ ಗಂಡು ಹೆಚ್ಚು ದಿನ ಬದುಕದು. ಹೆಣ್ಣು ರೆಕ್ಕೆ ಕಳಚಿ ನೆಲ ಹಿಡಿಯುತ್ತಾಳೆ. ಆಗ ಪಡೆದ ವೀರ್ಯವನ್ನು ಹೊಟ್ಟೆಯ ಪುಟ್ಟ ಚೀಲದಲ್ಲಿ ಕಾಪಿಟ್ಟುಕೊಂಡು ವರ್ಷಗಟ್ಟಲೆ ಮೊಟ್ಟೆಯಿಡುತ್ತಾಳೆ. ವೀರ್ಯ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ್ದು ಗಂಡಾಗುತ್ತದೆ. ರಾಣಿ ಸತ್ತರೆ ಕೆಲಸಗಾರ್ತಿಯರಲ್ಲೇ ಕೆಲವರು ಮೊಟ್ಟೆಯಿಡತೊಡಗುತ್ತಾರೆ. ಆದರೆ ಗಂಡಿನೊಡನೆ ಕೂಡದ ಅವರಿಗೆ ಹುಟ್ಟುವುದು ಗಂಡುಮಕ್ಕಳು ಮಾತ್ರ. ದುಡಿಯುವ ಕೈಗಳು ಮತ್ತೆ ಹುಟ್ಟದೆ ಗೂಡು ಬರಿದಾಗುತ್ತಾ ಹೋಗುತ್ತದೆ.

ಕಾಯಿ ಒಡೆದರೆ ಮನೆ ಬದಲಿಸಬೇಕು. ಹೊಸ ಜಾಗ ಕಂಡವಳು ಇನ್ನೊಬ್ಬಳನ್ನು ಜೊತೆಗೆ ಕರೆದೊಯ್ಯುತ್ತಾಳೆ. ಹಿಂದಿನವಳ ಮೀಸೆ ಮೈಗೆ ತಾಕಿದರಷ್ಟೇ ಮುಂದೆ ಹೆಜ್ಜೆಯಿಡುತ್ತಾಳೆ. ಹೊಸ ಜಾಗದಲ್ಲಿ ಸಾಕಷ್ಟು ಜನ ಸೇರಿದ ಮೇಲೆ ಮಿಕ್ಕವರನ್ನು, ಮರಿಗಳನ್ನು ಹೊತ್ತೇ ಸಾಗಿಸುತ್ತಾರೆ. ಬೇಸಿಗೆಯಲ್ಲಿ ಒಂದೇ ಸಂಸಾರ ಹಲವು ಕಾಯಿಗಳಿಗೆ ಹರಡಿಕೊಳ್ಳುವುದೂ ಉಂಟು.

ಈ ಸಂಸಾರಗಳಿಗೆ ಶತ್ರು ಸ್ವಂತ ಕುಲದಲ್ಲೇ ಇದೆ.

ಟೆಮ್ನೊಥೊರಾಕ್ಸ್ ಅಮೆರಿಕಾನಸ್ ಎಂಬ ಜಾತಿ ತನ್ನ ಮಕ್ಕಳನ್ನು ತಾನು ಸಾಕುವುದಿಲ್ಲ. ನೆರೆಯ ಗೂಡುಗಳಿಗೆ ದಾಳಿಯಿಟ್ಟು ಪ್ಯೂಪಾಗಳನ್ನು, ಅಂದರೆ ಕೋಶಾವಸ್ಥೆಯ ಮರಿಗಳನ್ನು, ಕದ್ದು ತರುತ್ತದೆ. ಅವು ದರೋಡೆಕೋರರ ಮನೆಯಲ್ಲೇ ಕಣ್ಣುಬಿಟ್ಟು, ದರೋಡೆಕೋರರ ಮಕ್ಕಳನ್ನೇ ಸಾಕುತ್ತವೆ. ಈ ಜೀತದಲ್ಲೂ ಬಂಡಾಯವಿದೆಯೆಂದು ಜರ್ಮನಿಯ ವಿಜ್ಞಾನಿ ಸುಸಾನೆ ಫೊಯ್ಟ್‌ಸಿಕ್ ಮತ್ತು ಅವರ ಸಹೋದ್ಯೋಗಿ 2009ರಲ್ಲಿ ತೋರಿಸಿದರು. ದರೋಡೆಕೋರರ ಮಕ್ಕಳನ್ನು ಮರಿಹುಳುಗಳಾಗಿದ್ದಾಗ ಉಣಿಸಿ ಬೆಳೆಸಿದ ಜೀತದಾಳುಗಳು, ಅವು ಪ್ಯೂಪಾ ಹಂತಕ್ಕೆ ಬರುತ್ತಲೇ ಹಲವನ್ನು ಕಚ್ಚಿ ಹರಿಯುತ್ತಾರೆ, ಕೆಲವನ್ನು ಆರೈಕೆಯಿಲ್ಲದೆ ಸಾಯಬಿಡುತ್ತಾರೆ. ಹೆಣ್ಣು ಪ್ಯೂಪಾಗಳಲ್ಲಿ ಸುಮಾರು ಮೂರನೇ ಎರಡು ಪಾಲು ಹೀಗೆ ಅಳಿಯುತ್ತದೆ.

ಇದರಿಂದ ಜೀತದಾಳಿಗೆ ಬಿಡುಗಡೆಯಿಲ್ಲ, ಸ್ವಂತ ಸಂತಾನವೂ ಇಲ್ಲ. ಆದರೆ ದರೋಡೆಕೋರರ ಸಂಖ್ಯೆ ಇಳಿದಷ್ಟೂ ಸುತ್ತಲಿನ ಗೂಡುಗಳ ಮೇಲೆ ದಾಳಿ ಕಡಿಮೆ. ಆ ಗೂಡುಗಳಲ್ಲಿ ಇವರ ರಕ್ತಸಂಬಂಧಿಗಳೇ ಇರುವುದುಂಟೆಂದು ಅದೇ ತಂಡದ ಮುಂದಿನ ಅಧ್ಯಯನ ಕಂಡುಕೊಂಡಿತು. ತಾನು ಹೆರದಿದ್ದರೂ ಅಕ್ಕತಂಗಿಯರ ಮಕ್ಕಳು ಉಳಿಯುತ್ತಾರೆ.