ನಾನಿಯ ಮುಖ ಹಸಿರಾಗದಿರಲಿ

ನಿಮ್ಮ ಮನೆಯ ಟ್ರಂಕಿನ ತಳದಲ್ಲಿ, ಹಳೆಯ ಬಟ್ಟೆಗಳ ಮಡಿಕೆಯಲ್ಲಿ ಅಥವಾ ಹಳದಿಗಟ್ಟಿದ ಲಕೋಟೆಯೊಂದರಲ್ಲಿ ಕಪ್ಪು-ಬಿಳುಪು ಫೋಟೋ ಒಂದಾದರೂ ಇರಬೇಕಲ್ಲವೇ? ಇದ್ದರೆ ಇಂದೇ ಹೊರತೆಗೆದು ನೋಡಿ. ಅದರ ಪ್ರತಿಯನ್ನು ಮನೆಯ ಪ್ರಿಂಟರ್‌ನಲ್ಲೇ ಸರಿಯಾಗಿ ತೆಗೆಯುವುದು ಹೇಗೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ. ಇದು ಬರೀ ಯಂತ್ರದ ವಿಷಯವಲ್ಲ, ನಮ್ಮ ಹಿರಿಯರ ಮುಖದ ವಿಷಯ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ನಮ್ಮ ಹಿರಿಯರ ಮನೆಗಳಲ್ಲಿ ಗೋಡೆಗೆ ಫೋಟೋ ಹಾಕುವ ರೂಢಿ ಕಡಿಮೆ. ಫೋಟೋದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅಗತ್ಯವಿದ್ದಾಗ ತೆಗೆಸಬಹುದೆನ್ನುವವರೇ ಹೆಚ್ಚು. ನಮ್ಮ ಅಜ್ಜಿಯರು ಆ ಅಗತ್ಯದ ಗೆರೆ ದಾಟಿದವರಲ್ಲ. ಹೀಗಾಗಿ ಅಂದಿನ ಎಷ್ಟೋ ಹೆಂಗಸರಿಗೆ ಜೀವಮಾನದಲ್ಲಿ ಇರುವುದು ಒಂದೇ ಫೋಟೋ. ಅದೂ ಹಜ್‌ನ ಪಾಸ್‌ಪೋರ್ಟಿಗೋ ಸರ್ಕಾರಿ ಕಾಗದಕ್ಕೋ ತೆಗೆಸಿದ, ಎರಡು ಬೆರಳಗಲದ ಚಿತ್ರ. ಅವರು ಹೇಗಿದ್ದರು ಎಂದು ಮೊಮ್ಮಕ್ಕಳು ಕೇಳಿದರೆ ತೋರಿಸಲು ಬೇರೇನೂ ಇಲ್ಲ.

ನನ್ನ ನಾನಿಯದೂ ಅಂಥದೇ ಒಂದು ಫೋಟೋ. ಅವರು ಶಿಡ್ಲಘಟ್ಟದಲ್ಲಿ ಚರಕದ ಮುಂದೆ ಕುಳಿತು ರೇಷ್ಮೆ ನೂಲು ತೆಗೆಯುತ್ತಿದ್ದವರು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು. 1983ರಲ್ಲಿ ಹಜ್‌ಗೆ ಹೊರಟಾಗ ತೆಗೆಸಿದ ಆ ಚಿತ್ರದಲ್ಲಿ ಕಪ್ಪಗಿನ ಮುಖ, ಬಿಳಿ ದುಪಟ್ಟಾ, ನೇರ ನೋಟ. ಅವರ ನಾಲ್ವರು ಹೆಣ್ಣುಮಕ್ಕಳೂ ತಮಗೊಂದು ಪ್ರತಿ ಬೇಕೆಂದರು. ಒಂದು ಅಂಗಡಿಯಲ್ಲಿ ಮಾಡಿಸಿದ ಪ್ರತಿಯಲ್ಲಿ ನಾನಿಯ ಮುಖಕ್ಕೆ ಸುಣ್ಣ ಬಳಿದ ಹಾಗಿತ್ತು. ಹಾಗಾದರೆ ಮನೆಯಲ್ಲೇ ತೆಗೆಯೋಣವೆಂದು, ನಾನು ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಇಟ್ಟುಕೊಂಡಿದ್ದ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದೆವು. ಬಂದದ್ದು ಹಸಿರು ಛಾಯೆಯ ಮುಖ. ದುಪಟ್ಟಾದ ಮಡಿಕೆಗಳೆಲ್ಲ ಮಾಯ. ಗೌರಿಬಿದನೂರಿನ ಖಾಲಾ ಅದನ್ನು ಕಿಟಕಿಯ ಬಳಿ ಹಿಡಿದು ನೋಡಿ, “ಇವರು ನಮ್ಮ ಅಮ್ಮಿ ಅಲ್ಲ ಬೇಟಾ, ಯಾರೋ ಕಾಯಿಲೆಯವರು” ಎಂದರು.

ಬಣ್ಣವೇ ಇಲ್ಲದ ಚಿತ್ರಕ್ಕೆ ಹಸಿರು ಎಲ್ಲಿಂದ ಬಂತು? ಹಳೆಯ ಫೋಟೋ ಬೆಳ್ಳಿಯ ಕೆಲಸ. ಕಾಗದದ ಮೇಲಿನ ತೆಳು ಪದರದಲ್ಲಿ ಬೆಳ್ಳಿಯ ಸಣ್ಣ ಕಣಗಳು ದಟ್ಟವಾಗಿದ್ದ ಕಡೆ ಕಪ್ಪು, ವಿರಳವಾಗಿದ್ದ ಕಡೆ ಬೂದು, ಇಲ್ಲದ ಕಡೆ ಬಿಳುಪು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಇಂಥ ಫಿಲ್ಮ್ ಮತ್ತು ಕಾಗದ ತಯಾರಿಸುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಕಾರ್ಖಾನೆಯೇ ಮುಚ್ಚಿತು.

ನಮ್ಮ ಪ್ರಿಂಟರ್‌ನಲ್ಲಿ ಬೆಳ್ಳಿ ಇಲ್ಲ. ನೀಲಿಗೆ ಹತ್ತಿರದ ಸಯಾನ್, ಗುಲಾಬಿಗೆ ಹತ್ತಿರದ ಮೆಜೆಂಟಾ, ಹಳದಿ ಮತ್ತು ಕಪ್ಪು, ಹೀಗೆ ನಾಲ್ಕು ಶಾಯಿ. ಅನೇಕ ಮನೆಬಳಕೆಯ ಪ್ರಿಂಟರ್‌ಗಳಲ್ಲಿ ಕಪ್ಪು ಶಾಯಿ ಅಕ್ಷರಗಳಿಗೆಂದು ಇರುವುದು. ಹೊಳಪಿನ ಫೋಟೋ ಪೇಪರ್ ಆರಿಸಿದಾಗ ಯಂತ್ರ ಅದನ್ನು ಮುಟ್ಟದೆ ಉಳಿದ ಮೂರನ್ನೇ ಬೆರೆಸಿ ಬೂದು ಮಾಡುತ್ತದೆ. ಮಸಾಲೆಯಲ್ಲಿ ಒಂದು ಹೆಚ್ಚಾದರೆ ಸಾರಿನ ರುಚಿ ಕೆಡುವಂತೆ, ಮೂರರಲ್ಲಿ ಒಂದು ತುಸು ಏರಿದರೂ ಮುಖ ಹಸಿರಾಗುತ್ತದೆ ಇಲ್ಲವೇ ಕೆಂಪಾಗುತ್ತದೆ. ಬಣ್ಣದ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಅಡಗಲು ಜಾಗವೇ ಇಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ, ತಾಳ್ಮೆಯದು.

ಮೊದಲು ಪ್ರಿಂಟರ್‌ನ ಮೆನುವಿನಲ್ಲಿರುವ ನಾಝಲ್ ಚೆಕ್ ಮಾಡಿ. ಗೆರೆಗಳು ಎಲ್ಲಿಯಾದರೂ ತುಂಡಾಗಿದ್ದರೆ ಮಾತ್ರ ಹೆಡ್ ಕ್ಲೀನಿಂಗ್ ಮಾಡಿ. ಸುಮ್ಮಸುಮ್ಮನೆ ಮಾಡಿದರೆ ಶಾಯಿ ದಂಡ. ನಮ್ಮ ಬಯಲುಸೀಮೆಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಶಾಯಿ ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಬಣ್ಣದ ಒಂದು ಹಾಳೆ ತೆಗೆದರೆ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುವುದಿಲ್ಲ.

ಎರಡನೆಯದು ಕಾಗದ. ಒಂದೇ ಬಗೆಯ ಫೋಟೋ ಪೇಪರ್ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಪ್ರಿಂಟ್ ಮಾಡುವಾಗ ಪೇಪರ್ ಟೈಪ್ ಎಂಬಲ್ಲಿ ಆ ಬಗೆಯನ್ನೇ ಆರಿಸಿ. ಎಷ್ಟು ಶಾಯಿ ಸುರಿಯಬೇಕೆಂದು ಯಂತ್ರ ನಿರ್ಧರಿಸುವುದು ಈ ಒಂದು ಸಾಲಿನಿಂದ. ಸಾದಾ ಹಾಳೆ ಎಂದು ಬಿಟ್ಟು ಫೋಟೋ ಪೇಪರ್ ಇಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಮೂರನೆಯದು ಬೂದು ಬಣ್ಣದ ಏಣಿ. ಮಕ್ಕಳು ಕಂಪ್ಯೂಟರ್ ಕಲಿತಿದ್ದರೆ ಅವರಿಂದಲೇ ಮಾಡಿಸಿ. ಬಿಳಿಯಿಂದ ಕಪ್ಪಿನವರೆಗೆ ಶೇ. 5ರಂತೆ ಏರುವ 21 ಚೌಕಗಳನ್ನು ಸಾಲಾಗಿ ಬರೆಯಬೇಕು. ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಸಮನಾದ ಅಂಕೆ ಕೊಟ್ಟರೆ ಅದು ಶುದ್ಧ ಬೂದು; ಮೂರೂ 255 ಆದರೆ ಬಿಳಿ, ಮೂರೂ 0 ಆದರೆ ಕಪ್ಪು. ಇದನ್ನು ಫೋಟೋ ಪೇಪರಿನ ಒಂದು ತುಂಡಿನ ಮೇಲೆ ತೆಗೆದು ರಾತ್ರಿಯೆಲ್ಲ ಒಣಗಲು ಬಿಡಿ. ಹಸಿಯಾಗಿದ್ದಾಗಿನ ಬಣ್ಣ ಒಣಗಿದ ಮೇಲೆ ಹಾಗೆಯೇ ಇರುವುದಿಲ್ಲ.

ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲ ಎರಡು-ಮೂರು ಚೌಕಗಳು ಬೇರೆ ಬೇರೆ ಕಾಣುತ್ತವೆಯೇ? ಕಾಣದಿದ್ದರೆ ದುಪಟ್ಟಾದ ಮಡಿಕೆಗಳು ಕಳೆದುಹೋಗುತ್ತವೆ. ಕೊನೆಯ ಮೂರು ಚೌಕಗಳು ಒಂದೇ ಕಪ್ಪು ಮುದ್ದೆಯಾಗಿವೆಯೇ? ಹಾಗಿದ್ದರೆ ಕಣ್ಣಿನ ಪಾಪೆ, ಹುಬ್ಬಿನ ಕೂದಲು ಮುಚ್ಚಿಹೋಗುತ್ತವೆ. ನಡುವಿನ ಚೌಕಗಳಲ್ಲಿ ಬಣ್ಣದ ಛಾಯೆ ಇದೆಯೇ? ಮುಖ ಇರುವುದು ಅಲ್ಲಿಯೇ.

ಹಸಿರು ಕಂಡರೆ ಪ್ರಿಂಟರ್‌ನ ಬಣ್ಣದ ಮೆನುವಿನಲ್ಲಿ ಮೆಜೆಂಟಾ ಒಂದೆರಡು ಅಂಕೆ ಏರಿಸಿ. ಗುಲಾಬಿ ಕಂಡರೆ ಅದನ್ನೇ ಇಳಿಸಿ. ನೀಲಿ ಕಂಡರೆ ಹಳದಿ ಏರಿಸಿ. ಕಪ್ಪು ಮುದ್ದೆಯಾದರೆ ಇಡೀ ಚಿತ್ರವನ್ನು ತಿಳಿ ಮಾಡಬೇಡಿ; ಕರ್ವ್ಸ್ ಎಂಬ ಸಲಕರಣೆಯಿಂದ ಕಪ್ಪಿನ ಭಾಗವನ್ನಷ್ಟೇ ಸ್ವಲ್ಪ ಎತ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ತುಂಡಿನ ಹಿಂದೆ ಅಂಕೆಗಳನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ನಮಗೆ ಸರಿಯಾದದ್ದು ಆರನೆಯ ತುಂಡಿನಲ್ಲಿ.

‘ಗ್ರೇಸ್ಕೇಲ್ ಒತ್ತಿದರೆ ಆಯಿತಲ್ಲ’ ಎಂದು ನೀವು ಕೇಳಬಹುದು. ಅದನ್ನು ಒತ್ತಿದ ಮಾತ್ರಕ್ಕೆ ಬಣ್ಣದ ಶಾಯಿಗಳು ನಿಲ್ಲಬೇಕೆಂದಿಲ್ಲ. ಕೆಲವು ಯಂತ್ರಗಳಲ್ಲಿ ತಿದ್ದುವ ಅವಕಾಶವೂ ಮುಚ್ಚಿಹೋಗುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಪರಿನಲ್ಲಿ ಬರೀ ಕಪ್ಪು ಶಾಯಿಯಿಂದ ತೆಗೆದರೆ ಛಾಯೆಯ ತೊಂದರೆ ಇರುವುದಿಲ್ಲ, ಆದರೆ ಕೆನ್ನೆಯ ಮೇಲೆ ಸಣ್ಣ ಚುಕ್ಕೆಗಳು ಕಾಣುತ್ತವೆ. ಫೋಟೋದವರು ಬಳಸುವ ದುಬಾರಿ ಪ್ರಿಂಟರ್‌ಗಳಲ್ಲಿ ಬೂದು ಶಾಯಿಯೇ ಪ್ರತ್ಯೇಕವಾಗಿರುತ್ತದೆ. ಒಂದು ಮುಖಕ್ಕಾಗಿ ನಮಗೆ ಅದು ಬೇಕಿಲ್ಲ.

ಬೆಳಕಿನ ಮಾತೊಂದಿದೆ. ಕಿಟಕಿಯ ಬಳಿ ಸರಿಯಾಗಿ ಕಂಡದ್ದು ಟ್ಯೂಬ್‌ಲೈಟ್ ಕೆಳಗೆ ಮತ್ತೆ ಹಸಿರಾಗಿ ಕಾಣಬಹುದು. ಶಿಡ್ಲಘಟ್ಟದವರಿಗೆ ಇದು ಹೊಸತಲ್ಲ. ಮಿಶ್ರತಳಿಯ ಹಳದಿ ಗೂಡಾಗಲಿ, ದ್ವಿತಳಿಯ ಬಿಳಿ ಗೂಡಾಗಲಿ, ಬಲ್ಲವರು ಹಗಲ ಬೆಳಕಿಗೆ ಹಿಡಿದೇ ನೋಡುತ್ತಾರೆ. ಬೆರೆಸಿದ ಬೂದು ಬೆಳಕಿನೊಂದಿಗೆ ಬದಲಾಗುತ್ತದೆ. ಬೆಳ್ಳಿಯ ಬೂದು ಅಷ್ಟು ಬದಲಾಗುವುದಿಲ್ಲ. ಫೋಟೋವನ್ನು ಹೆಚ್ಚಾಗಿ ಯಾವ ಬೆಳಕಿನಲ್ಲಿ ನೋಡುತ್ತೀರೋ ಆ ಬೆಳಕಿಗೆ ಹೊಂದಿಸಿ. ಕಂಪ್ಯೂಟರ್ ಪರದೆಯ ಪ್ರಕಾಶವನ್ನೂ ತಗ್ಗಿಸಿಕೊಳ್ಳಿ. ಪರದೆ ಉರಿಯುತ್ತಿದ್ದರೆ ಕಾಗದದ ಚಿತ್ರ ಯಾವಾಗಲೂ ಮಂಕಾಗಿಯೇ ತೋರುತ್ತದೆ. ಶಾಯಿಯ ಬಗೆಯನ್ನೋ ಕಾಗದವನ್ನೋ ಬದಲಿಸಿದರೆ ಏಣಿಯನ್ನು ಹೊಸದಾಗಿ ಹತ್ತಬೇಕು.

ಇಷ್ಟೆಲ್ಲ ಆದ ಮೇಲೂ ಒಂದು ಆಸೆ ಕಾಡುತ್ತದೆ. ನಮ್ಮ ಮನೆಯಲ್ಲೂ ಒಬ್ಬರು, “ಹೇಗೂ ತಿದ್ದುತ್ತಿದ್ದೀರಿ, ನಾನಿಯನ್ನು ಸ್ವಲ್ಪ ಬೆಳ್ಳಗೆ ಮಾಡಿಬಿಡಿ” ಎಂದರು. ನಾನು ಒಪ್ಪಲಿಲ್ಲ. ನೀವೇ ಯೋಚಿಸಿ. ಹೆಣ್ಣುಮಗುವಿನ ಬಣ್ಣ ನೋಡಿ ಮಾತನಾಡುವ ಚಾಳಿಗೆ ಬದುಕಿದ್ದವರು ನೊಂದದ್ದು ಸಾಲದೇ? ತೀರಿಕೊಂಡವರ ಮೇಲೂ ಅದನ್ನು ಹೇರಬೇಕೇ? ನಾನಿಯ ಮುಖವನ್ನೇ ಹೋಲುವ ನನ್ನ ತಂಗಿಯ ಮಗಳು ಆ ಫೋಟೋ ನೋಡಿ ತನ್ನ ಬಣ್ಣ ಎಲ್ಲಿಂದ ಬಂತೆಂದು ತಿಳಿಯಬೇಡವೇ? ಮೈಸೂರಿನ ಟಿ.ಎಸ್. ಸತ್ಯನ್ (1923-2009) ಜನಸಾಮಾನ್ಯರ ಬದುಕನ್ನು ಎಷ್ಟೋ ವರ್ಷ ಕಪ್ಪು-ಬಿಳುಪಿನಲ್ಲೇ ಸೆರೆಹಿಡಿದರು. ಕಪ್ಪು ಮೈಬಣ್ಣದೊಳಗೆ ಎಷ್ಟು ಬೂದುಗಳಿವೆ, ಎಷ್ಟು ಬೆಳಕಿದೆ ಎಂಬುದನ್ನು ಅಂಥ ಚಿತ್ರಗಳನ್ನು ನೋಡಿ ಕಲಿಯಬೇಕು. ಯಂತ್ರದ ಸುಳ್ಳನ್ನು ತಿದ್ದುವುದು ನಮ್ಮ ಕೆಲಸ. ಮುಖದ ಸತ್ಯವನ್ನು ತಿದ್ದುವ ಹಕ್ಕು ನಮಗಿಲ್ಲ. ಅದು ನಮ್ಮ ಕೈಯಲ್ಲಿರುವ ಅಮಾನತ್.

ಸಹೋದರಿಯರೇ, ಪ್ರತಿ ಚೆನ್ನಾಗಿ ಬಂತೆಂದು ಮೂಲ ಫೋಟೋವನ್ನು ಎಸೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಚಿಕ್ಕ ಫೋಟೋ ಆದರೆ 1200 ಡಿಪಿಐಗೆ ಸ್ಕ್ಯಾನ್ ಮಾಡಿ ಎರಡು ಕಡೆ ಉಳಿಸಿಡಿ. ಮನೆಯ ಪ್ರಿಂಟರ್‌ನ ಬಣ್ಣದ ಶಾಯಿ ಬಿಸಿಲಿಗೂ ಗಾಳಿಗೂ ಮಾಸುತ್ತದೆ. ಪ್ರತಿಯನ್ನು ಆಲ್ಬಮ್ಮಿನಲ್ಲಿ ಇಲ್ಲವೇ ಗಾಜಿನ ಹಿಂದೆ ಇಡಿ.

ಇನ್ನೊಂದು ಮಾತು. ಪ್ರತಿಯ ಹಿಂದೆ ಮೆತ್ತನೆಯ ಪೆನ್ಸಿಲ್‌ನಿಂದ ಅವರ ಹೆಸರು, ಊರು, ವರ್ಷ ಬರೆಯಿರಿ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಲ್ಲ, ಅವರದೇ ಹೆಸರು. ನೆನಪಿಲ್ಲದಿದ್ದರೆ ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳಿ.