ಚೆಂಡು ಕೊಟ್ಟವನ ಹೆಸರು

ಕಳೆದ ತಿಂಗಳು ಕಲ್ಯಾಣ ಕರ್ನಾಟಕದ ಒಂದು ಕಾಲೇಜಿನ ಫುಟ್‌ಬಾಲ್ ತಂಡದ ಸೀಸನ್ ಚರಿತ್ರೆ ಅನುವಾದಕ್ಕೆ ಬಂತು. ಇಂಗ್ಲಿಷಿನಲ್ಲಿ ಹನ್ನೆರಡು ಪುಟ. ತಾರೀಖು, ಎದುರಾಳಿ ತಂಡ, ಗೋಲು, ಹೊಡೆದವನ ಹೆಸರು. ಪಟಾನ್‌ಚೆರುವಿನ ನನ್ನ ಕೋಣೆಯಲ್ಲಿ ಎರಡೇ ದಿನಕ್ಕೆ ಮುಗಿಯುವ ಕೆಲಸ. ಆದರೆ ಮೂರನೇ ಪುಟಕ್ಕೇ ಒಂದು ಕೊರತೆ ಕಾಡತೊಡಗಿತು. ಚೆಂಡು ಕೊಟ್ಟವನು ಯಾರೆಂದು ಎಲ್ಲೂ ಬರೆದಿರಲಿಲ್ಲ.

ಹೈದರಾಬಾದಿನ ಪಕ್ಕದಲ್ಲಿದ್ದು ಫುಟ್‌ಬಾಲ್ ಬಗ್ಗೆ ಯೋಚಿಸಿದರೆ ಸೈಯದ್ ಅಬ್ದುಲ್ ರಹೀಮ್ ನೆನಪಾಗಲೇಬೇಕು. ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ, ಮುಂದೆ ಶಾಲಾ ಮೇಷ್ಟ್ರಾದವರು. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಆಗ ಉರ್ದುವಿನಲ್ಲಿ ಕಲಿಸುತ್ತಿತ್ತು. ಪಠ್ಯಗಳನ್ನು ಉರ್ದುವಿಗೆ ತರಲೆಂದೇ ಒಂದು ಅನುವಾದ ವಿಭಾಗವಿತ್ತು. ಅಲ್ಲಿ ಓದಿ ದೊಡ್ಡವರಾದವರ ಹೆಸರು ನಮಗೆ ಗೊತ್ತು. ಆ ಪಠ್ಯಗಳನ್ನು ಅನುವಾದಿಸಿದ ಎಷ್ಟು ಜನರ ಹೆಸರು ಗೊತ್ತು?

ರಹೀಮರ ತರಬೇತಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯದಾಯಿತು. ಆಸ್ಟ್ರೇಲಿಯಾದ ಎದುರು ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿದಾಗ ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್. ಆಗಲೇ ರಹೀಮರಿಗೆ ಕ್ಯಾನ್ಸರ್ ಇತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು.

ಈ ಗೆಲುವುಗಳಿಗಿಂತ ನನಗೆ ಹೆಚ್ಚು ಹಿಡಿಸುವುದು ಅವರು ಊರಿನಲ್ಲಿ ನಡೆಸುತ್ತಿದ್ದ ಪಂದ್ಯಾವಳಿಗಳು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ. ಚೆಂಡು ಬಂದ ಕೂಡಲೇ ಇನ್ನೊಬ್ಬನಿಗೆ ಕೊಟ್ಟುಬಿಡಬೇಕು. ಇನ್ನೊಂದರಲ್ಲಿ ಪಳಗದ ಕಾಲಿನಿಂದಲೇ ಆಡಬೇಕು. ಗೋಲು ಹೊಡೆಯುವುದಕ್ಕಿಂತ ಮೊದಲು ಕೊಡುವುದನ್ನು ಕಲಿಸಿದ ಮೇಷ್ಟ್ರು ಅವರು.

ಕಾಲೇಜಿನ ದೈಹಿಕ ಶಿಕ್ಷಕರಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಎಲ್ಲ ನೆನಪಿತ್ತು. ಒಬ್ಬ ಹುಡುಗನ ಬಗ್ಗೆ ಹೇಳಿದರು: “ಅಂವಾ ಒಂದೂ ಗೋಲ್ ಹೊಡಿಲಿಲ್ರೀ. ಆದ್ರ ನಮ್ಮ ಅರ್ಧಾ ಗೋಲು ಅವನ ಕಾಲಿಂದನ ಶುರುವಾಗ್ತಿದ್ವು.” ಹನ್ನೆರಡು ಪುಟಗಳಲ್ಲಿ ಅವನ ಹೆಸರು ಬಂದದ್ದು ಒಮ್ಮೆ ಮಾತ್ರ, ಗುಂಪು ಫೋಟೋದ ಕೆಳಗೆ.

ಮೂಲದಲ್ಲಿ ಇಲ್ಲದ್ದನ್ನು ಅನುವಾದಕಿ ಸೇರಿಸುವಂತಿಲ್ಲ. ಅವರು ಹೇಳಿದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು, ಮೂಲಕ್ಕೇ ಸೇರಿಸಿಕೊಳ್ಳಿ ಎಂದು ಕೇಳಿ ಕಳುಹಿಸಿದೆ. ಸಂಭಾವನೆ ಬಂತು. ಹಾಳೆಯ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ.