ಮೂರು ಜನ ಲಕ್ಷ್ಮಮ್ಮಂದಿರು

ಹೊಸ ಪ್ರಾಜೆಕ್ಟ್ ಶುರು ಅಂದ್ರೆ ನಮ್ಮ ಆಫೀಸಿನಲ್ಲಿ ಮೊದಲೆರಡು ಮೀಟಿಂಗು ಭಾಷೆಯ ಜಗಳಕ್ಕೇ ಮೀಸಲು. ಜಾವಾನೋ, ಪೈಥಾನೋ, ರಸ್ಟೋ ಅನ್ನೋ ಜಗಳ. ಬಿಇ ಓದುವಾಗ ಈ ತಲೆನೋವೇ ಇರಲಿಲ್ಲ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಸಿ ಅಂತಿದ್ದರೆ ಸಿ, ಅಷ್ಟೇ.

ಕಳೆದ ವರ್ಷ ಇದೇ ಪ್ರಶ್ನೆ ಊರಿಂದ ಬಂತು. ಚಿಕ್ಕಮ್ಮ ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತಾಳೆ. ಇಪ್ಪತ್ತು ಜನ ಹೆಂಗಸರು, ವಾರದ ಉಳಿತಾಯ, ಒಳಸಾಲ, ಬಡ್ಡಿ. ಒಂದು ಕಂತು ಕಟ್ಟಿದೀನಿ, ಕಟ್ಟಿಲ್ಲ ಅಂತ ಮಾತು ಬೆಳೆದು ಒಬ್ಬರು ಸಂಘವನ್ನೇ ಬಿಡ್ತೀನಿ ಅಂದಿದ್ದರು. ಪುಸ್ತಕ ತೆಗೆದು ನೋಡಿದರೆ ಅಂಕಿಯ ಮೇಲೆ ಅಂಕಿ ತಿದ್ದಿದೆ. "ಕಂಪ್ಯೂಟರಲ್ಲಿ ಹಾಕ್ಕೊಡು ಮಗಾ. ನಾನು ದುಡ್ಡು ತಿಂದೆ ಅಂತ ಯಾರೂ ಅನ್ನಬಾರದು" ಅಂದಳು.

ಆಫೀಸಿನ ಗೆಳೆಯನಿಗೆ ಹೇಳಿದೆ. ಅವನು ಟಿಶ್ಯೂ ಪೇಪರ್ ಮೇಲೆ ರಿಯಾಕ್ಟ್, ಮಾಂಗೋಡಿಬಿ, ಕುಬರ್ನೆಟಿಸ್ ಎಲ್ಲ ಬರೆದು ಬಾಣ ಎಳೆದ. ಇಪ್ಪತ್ತು ಜನಕ್ಕೆ! ಮದುವೆ ಛತ್ರ ಬುಕ್ ಮಾಡಿ ಇಬ್ಬರಿಗೆ ಉಪ್ಪಿಟ್ಟು ಬಡಿಸಿದ ಹಾಗೆ.

ಭಾಷೆಗಿಂತ ಮೊದಲು ಅದರೊಳಗೆ ಹೋಗುವ ಮಾಲು ಎಂಥದ್ದು ಅಂತ ನೋಡೋದು ನನ್ನ ಅಭ್ಯಾಸ. ಇಲ್ಲಿದ್ದದ್ದು ಎರಡೇ: ದುಡ್ಡು ಮತ್ತು ಹೆಸರು.

ದುಡ್ಡಿನ ಕಥೆ ಹಳೆಯದು. ಪೈಥಾನ್, ಜಾವಾಸ್ಕ್ರಿಪ್ಟ್ ಯಾವುದರಲ್ಲೇ ಆಗಲಿ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಅನ್ನುತ್ತೆ. ಹತ್ತನೇ ಒಂದು ಭಾಗವನ್ನು ಬೈನರಿಯಲ್ಲಿ ಪೂರ್ತಿ ಬರೆಯೋಕಾಗಲ್ಲ. ನಾವು ಮೂರನೇ ಒಂದನ್ನು 0.333 ಅಂತ ಎಳೀತಾ ಹೋಗುವ ಹಾಗೆ. 1959ರಲ್ಲಿ ಕೆಲಸ ಶುರುವಾದ ಕೋಬಾಲ್ ದಶಮಾಂಶದ ಲೆಕ್ಕವನ್ನು ಭಾಷೆಯೊಳಗೇ ಇಟ್ಟುಕೊಂಡಿತ್ತು. ಬ್ಯಾಂಕುಗಳು ಆ ಅಜ್ಜನನ್ನು ಇನ್ನೂ ಮನೆಯಿಂದ ಕಳಿಸದಿರೋಕೆ ಅದೂ ಒಂದು ಕಾರಣ. ನಾನು ಎಲ್ಲವನ್ನೂ ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟೆ. ಬಡ್ಡಿಯಲ್ಲಿ ಚಿಲ್ಲರೆ ಬಂದರೆ? ಅದನ್ನು ತೀರ್ಮಾನಿಸೋಕೆ ನಾನ್ಯಾರು. "ಐವತ್ತು ಪೈಸೆ ದಾಟಿದ್ರೆ ರೂಪಾಯಿ, ಇಲ್ದಿದ್ರೆ ಬಿಟ್ಬಿಡು" ಅಂತ ಚಿಕ್ಕಮ್ಮನೇ ಹೇಳಿದಳು.

ಹೆಸರಿನದ್ದು ನಿಜವಾದ ಮಜಾ. ಯಾವ ಟೂಲ್ ಸಿಕ್ಕರೂ ನಾನು ಅದಕ್ಕೆ ಮೊದಲು ಕೊಡೋದು "ಲಕ್ಷ್ಮಮ್ಮ". ನಮ್ಮ ಕಣ್ಣಿಗೆ ಮೂರಕ್ಷರ. ಪೈಥಾನ್ ಎಣಿಸಿದರೆ 9, ಯುಟಿಎಫ್-8 ಬೈಟುಗಳಲ್ಲಿ 27. ಪೈಥಾನ್ ಜೊತೆಗೆ ಬರುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ಪದ ಹುಡುಕು ಅಂದರೆ ವಿರಾಮ ಚಿಹ್ನೆ ಬಂದಲ್ಲೆಲ್ಲ ಕತ್ತರಿಸಿ ಲಕ, ಷ, ಮಮ, ಮ ಅಂತ ನಾಲ್ಕು ತುಂಡು ಕೊಡುತ್ತೆ. ಪಿಡಿಎಫ್ ಮಾಡುವ ಕೆಲವು ಲೈಬ್ರರಿಗಳು ಒತ್ತಕ್ಷರವನ್ನು ಕೆಳಗೆ ಇಳಿಸೋದೇ ಇಲ್ಲ. ದುಡ್ಡು ಕಟ್ಟಿದವಳ ಹೆಸರು ಚೀಟಿಯಲ್ಲಿ ಹೀಗೆ ಬಂದರೆ ಅವಳು ಅಂಕಿಯನ್ನಾದರೂ ಯಾಕೆ ನಂಬಬೇಕು? ಅದಕ್ಕೇ ವರದಿಯನ್ನು ಬರೀ ಎಚ್‌ಟಿಎಂಎಲ್ ಮಾಡಿ ಬ್ರೌಸರಿನಿಂದ ಪ್ರಿಂಟ್ ತೆಗೆಯೋದು ಅಂತಾಯ್ತು. ಬ್ರೌಸರಿಗೆ ಕನ್ನಡ ಚೆನ್ನಾಗೇ ಬರುತ್ತೆ.

ಡೇಟಾಬೇಸ್ ಎಸ್‌ಕ್ಯೂಲೈಟ್. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಇಡೀ ಸಂಘ ಒಂದೇ ಫೈಲು. ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬ್ಯಾಕಪ್. ಅದನ್ನು ಮಾಡಿದವರು 2050ರ ತನಕ ನೋಡಿಕೊಳ್ಳುವ ಉದ್ದೇಶ ನಮ್ಮದು ಅಂದಿದ್ದಾರೆ. ಚಿಕ್ಕಮ್ಮ ಕೇಳಿದ್ದು ಒಂದೇ ಷರತ್ತು: ಬರೆದದ್ದನ್ನು ಯಾರೂ ಅಳಿಸಬಾರದು. ಹಾಗಾಗಿ ತಪ್ಪಿದರೆ ತಿದ್ದೋ ಹಾಗಿಲ್ಲ, ಕೆಳಗೆ ಇನ್ನೊಂದು ಸಾಲು ಬರೆಯಬೇಕು.

ಭಾಷೆ ಕಡೆಗೆ ಪೈಥಾನೇ ಆಯ್ತು. ಅದು ಶ್ರೇಷ್ಠ ಅಂತಲ್ಲ. ಚಿಕ್ಕಮ್ಮನ ಮಗಳು ಬಿಸಿಎ ಓದ್ತಿದಾಳೆ, ಕಾಲೇಜಲ್ಲಿ ಅವಳಿಗೆ ಕಲಿಸಿರೋದು ಅದನ್ನೇ. ನಾನು ಊರಿಗೆ ಹೋಗೋದು ಹಬ್ಬಕ್ಕೆ. ಸಂಘ ಸೇರೋದು ಪ್ರತಿ ವಾರ.

ಮೊನ್ನೆ ಫೋನ್ ಮಾಡಿದ್ದಳು. "ಅಣ್ಣ, ವರದಿಗೆ ಒಂದು ಕಾಲಂ ಸೇರಿಸಿದೀನಿ, ಮನೆ ಹೆಸರು. ಮೂರು ಜನ ಲಕ್ಷ್ಮಮ್ಮ ಇದಾರಲ್ಲ." ಸದಸ್ಯರ ನಂಬರ್ ಇದೆಯಲ್ಲ ಅಂದೆ. "ನಂಬರ್ ಯಾರು ನೋಡ್ತಾರಣ್ಣ" ಅಂದಳು. ಬಿಡ್ತೀನಿ ಅಂದಿದ್ದವರು ಸಂಘಕ್ಕೆ ಬರುತ್ತಲೇ ಇದ್ದಾರಂತೆ. ಪ್ರಿಂಟ್ ಕೈಗೆ ಕೊಟ್ಟರೂ ಹಳೇ ಪುಸ್ತಕ ಒಂದ್ಸಲ ತೋರಿಸು ಅಂತಾರಂತೆ.